ಕುಣಿತದ ಕಾರಂತರು

ಕೋಟ ಶಿವರಾಮ ಕಾರಂತರೆಂದೊಡನೆ ನಮಗೆ ನೆನಪಾಗುವುದು ಅವರ ಕಾದಂಬರಿಗಳು. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ ಇವುಗಳಲ್ಲಿ ಒಂದನ್ನಾದರೂ ಪಠ್ಯವಾಗಿಯೋ ಪರೀಕ್ಷೆಯ ಪ್ರಶ್ನೆಯಾಗಿಯೋ ಎದುರಿಸದೆ ಬಿ.ಎ. ತರಗತಿಯವರೆಗೆ ಬಂದವರು ನಮ್ಮಲ್ಲಿ ವಿರಳ. ಅದರ ಮೇಲೆ ಜ್ಞಾನಪೀಠ ಪ್ರಶಸ್ತಿ, ಕಡಲತೀರದ ಭಾರ್ಗವನೆಂಬ ಬಿರುದು, ಬೆಳ್ಳಗಿನ ತಲೆಗೂದಲಿನ ಆ ಪ್ರಸಿದ್ಧ ಭಾವಚಿತ್ರ. ಪರೀಕ್ಷೆಗೆ ಬೇಕಾದ ಕಾರಂತರು ಇಲ್ಲಿಗೆ ಮುಗಿಯುತ್ತಾರೆ. ಆದರೆ ಇದೇ ಕಾರಂತರು ತಮ್ಮ ಹರೆಯದಿಂದ ತೊಂಬತ್ತರ ಮುಪ್ಪಿನವರೆಗೆ ಬಿಡದೆ ಬೆನ್ನು ಹತ್ತಿದ್ದ ವಿಷಯ ಇನ್ನೊಂದಿದೆ, ಅದು ಕುಣಿತ. ಮನುಷ್ಯನ ಮೈ ಒಂದು ಮಾತನ್ನೂ ಆಡದೆ ದುಃಖವನ್ನು ಹೇಗೆ ಹೇಳಬಲ್ಲದು, ಒಲವನ್ನು ಹೇಗೆ ಹೇಳಬಲ್ಲದು ಎಂಬುದು ಅವರನ್ನು ಕಾಡಿದ ಪ್ರಶ್ನೆ. ಆ ಪ್ರಶ್ನೆಯ ಹಿಂದೆ ನಡೆದ ಕಾರಂತರ ಜೀವನವನ್ನು ನನ್ನ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಅವರನ್ನು ಕಂಡವನಲ್ಲ. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವನು. ನಮ್ಮ ಕಡೆಯ ಹಿರಿಯರು ಕಾರಂತಜ್ಜ ಎಂದು ಸಲಿಗೆಯಿಂದ ಹೇಳುವಾಗ ಮಾತ್ರ, ಇವರು ಪುಸ್ತಕದ ಹಾಳೆಯಿಂದ ಇಳಿದು ಬಂದವರಲ್ಲ, ಈ ದಾರಿಯಲ್ಲೇ ನಡೆದಾಡಿದವರು ಎಂಬ ಅರಿವು ನನಗಾಗುತ್ತಿತ್ತು. ಕುಂದಾಪುರದಿಂದ ಬ್ರಹ್ಮಾವರಕ್ಕೆ ಬಸ್ಸಿನಲ್ಲಿ ಹೋಗುವಾಗ ನಡುವೆ ಸಿಗುವ ಕೋಟವೇ ಅವರ ಹುಟ್ಟೂರು. ಅಲ್ಲಿ 1902ನೆಯ ಇಸವಿ ಅಕ್ಟೋಬರ್ 10ರಂದು ಶೇಷ ಕಾರಂತರು ಮತ್ತು ಲಕ್ಷ್ಮಮ್ಮನವರ ಮಗನಾಗಿ ಅವರು ಜನಿಸಿದರು. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಊರಿನ ಶಾಲೆ ಮುಗಿಸಿ ಕುಂದಾಪುರದಲ್ಲಿ ಹೈಸ್ಕೂಲು ಓದಿದರು. ಅಲ್ಲಿಂದ ಮಂಗಳೂರಿನ ಸರಕಾರಿ ಕಾಲೇಜಿಗೆ ಹೋದರು.

ಆ ಕಾಲದ ಕೋಟವನ್ನು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ನಮ್ಮ ಈ ಪಟ್ಟಿಯಲ್ಲಿ ಗದ್ದೆಯ ಕೊಯ್ಲು ಮುಗಿದು ದೀಪಾವಳಿ ಕಳೆಯಿತೆಂದರೆ ಮೇಳಗಳು ಹೊರಡುವ ಕಾಲ. ಮಂದಾರ್ತಿ, ಮಾರಣಕಟ್ಟೆ, ಕೋಟದ ಅಮೃತೇಶ್ವರಿ ಮುಂತಾದ ದೇವಸ್ಥಾನಗಳ ಹೆಸರಿನ ಮೇಳಗಳು ಊರಿಂದೂರಿಗೆ ನಡೆದು ಹೋಗಿ, ಬಯಲಿನಲ್ಲಿ ನಾಲ್ಕು ಕಂಬ ನೆಟ್ಟು, ಮಾವಿನ ತೋರಣ ಕಟ್ಟಿ, ದೀವಟಿಗೆಯ ಬೆಳಕಿನಲ್ಲಿ ಬೆಳಗಿನವರೆಗೆ ಆಟ ಆಡುತ್ತಿದ್ದವು. ಚಂಡೆಯ ಸದ್ದು ಎರಡು ಊರು ಆಚೆಗೆ ಕೇಳುತ್ತಿತ್ತು. ಕೇದಿಗೆ ಮುಂದಲೆಯ ಹರೆಯದ ವೀರ, ದೊಡ್ಡ ಮುಂಡಾಸಿನ ಕರ್ಣ, ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟೆಯಿಟ್ಟ ರಾಕ್ಷಸ ಇವರೆಲ್ಲ ತೆರೆಯ ಹಿಂದಿನಿಂದ ಒಡ್ಡೋಲಗಕ್ಕೆ ಬರುವುದನ್ನು ನೋಡಲು ಹೆಂಗಸರು ಮಕ್ಕಳೆಲ್ಲ ಚಾಪೆ ಹಿಡಿದುಕೊಂಡು ಹೋಗುತ್ತಿದ್ದರು. ಕಾರಂತರು ಬೆಳೆದದ್ದು ಈ ಸದ್ದಿನ ನಡುವೆ.

ಹಾಗೆಂದು ಆಟಕ್ಕೆ ಮರ್ಯಾದೆ ಇತ್ತೆಂದು ತಿಳಿಯಬಾರದು. ಹರಕೆ ಹೇಳಿಕೊಂಡು ಆಟ ಆಡಿಸುವುದು ಪುಣ್ಯ, ನೋಡುವುದೂ ಪುಣ್ಯ, ಆದರೆ ತಮ್ಮ ಮನೆಯ ಹುಡುಗ ಗೆಜ್ಜೆ ಕಟ್ಟುತ್ತೇನೆಂದರೆ ಗೌರವಸ್ಥರ ಮನೆಯಲ್ಲಿ ಅದು ಅಪಮಾನ. ವೇಷಧಾರಿಗಳು ಬಹುಮಟ್ಟಿಗೆ ಬಡವರು, ಮಳೆಗಾಲದಲ್ಲಿ ಗದ್ದೆ ಕೆಲಸಕ್ಕೆ ಹಿಂದಿರುಗುವವರು. ಇಂಗ್ಲಿಷ್ ಕಲಿತವರಿಗಂತೂ ಬಯಲಾಟವೆಂದರೆ ಹಳ್ಳಿಗರ ರಾತ್ರಿಯ ಗದ್ದಲ, ಅಷ್ಟೆ. ನಾಟಕವೆಂದರೆ ಪರದೆ ಕಟ್ಟಿ ಹಾರ್ಮೋನಿಯಂ ಇಟ್ಟು ಆಡುವ ಕಂಪೆನಿ ನಾಟಕವೆಂದೇ ಅವರ ಭಾವನೆ.

ಇಂತಹ ತಾತ್ಸಾರ ನಮ್ಮ ಕರಾವಳಿಯ ಕುಣಿತಕ್ಕೆ ಮಾತ್ರ ಬಂದುದಲ್ಲ. ಭೂಮಿಯ ಆಚೆಯ ಮಗ್ಗುಲಿನಲ್ಲಿ, ದಕ್ಷಿಣ ಅಮೆರಿಕದ ಪ್ಲಾಟಾ ನದಿಯ ಎರಡು ದಡಗಳಲ್ಲಿ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ಎಂಬ ಬಂದರು ಪಟ್ಟಣಗಳಿವೆ. 19ನೆಯ ಶತಮಾನದ ಕೊನೆಯಲ್ಲಿ ಇಟಲಿ, ಸ್ಪೇನ್ ಮೊದಲಾದ ಕಡೆಗಳಿಂದ ಹೊಟ್ಟೆಪಾಡಿಗಾಗಿ ಹಡಗು ಹತ್ತಿ ಬಂದವರು, ಹಿಂದೆ ಗುಲಾಮರಾಗಿ ತರಲ್ಪಟ್ಟ ಆಫ್ರಿಕದವರ ಸಂತತಿಯವರು, ಹುಲ್ಲುಗಾವಲಿನಿಂದ ಪೇಟೆಗೆ ಬಂದ ದನಗಾಹಿಗಳು, ಇವರೆಲ್ಲ ಒತ್ತೊತ್ತಾಗಿ ಬದುಕಿದ ಕೇರಿಗಳಲ್ಲಿ ಟ್ಯಾಂಗೊ ಎಂಬ ಕುಣಿತ ಹುಟ್ಟಿತು. ಊರು ಬಿಟ್ಟವರ ಹಂಬಲ, ಕೈತಪ್ಪಿದ ಒಲವು ಇವೇ ಅದರ ಜೀವಾಳ. ಗಂಡು ಹೆಣ್ಣು ತಬ್ಬಿಕೊಂಡಂತೆ ನಿಂತು, ಒಬ್ಬರ ಎದೆಯ ಚಲನೆಯನ್ನು ಇನ್ನೊಬ್ಬರು ಅರಿತು, ನಡೆದಂತೆ ಕುಣಿಯುತ್ತಾರೆ. ಮುಖ ಹೆಚ್ಚುಕಡಿಮೆ ನಿಶ್ಚಲ, ಮಾತನಾಡುವುದು ಕಾಲು. ನಡುನಡುವೆ ತಟ್ಟನೆ ನಿಲ್ಲುವ ನಿಲುಗಡೆಯಲ್ಲಿ ದುಃಖವೆಲ್ಲ ತುಂಬಿಕೊಳ್ಳುತ್ತದೆ ಎನ್ನುತ್ತಾರೆ ಬಲ್ಲವರು. ಆ ದೇಶದ ಸಿರಿವಂತರು ಇದನ್ನು ಕೊಳಕು ಕೇರಿಯ ಕುಣಿತವೆಂದು ಮೂಗು ಮುರಿದರು. 1912–13ರ ಹೊತ್ತಿಗೆ ಪ್ಯಾರಿಸ್ಸಿನ ಸಭ್ಯ ಸಮಾಜ ಟ್ಯಾಂಗೊಗೆ ಮರುಳಾಯಿತು. ಅಲ್ಲಿಂದ ಸುದ್ದಿ ಹಿಂದಿರುಗಿದ ಮೇಲೆ ಬ್ಯೂನಸ್ ಐರಿಸ್ಸಿನ ದೊಡ್ಡ ಮನೆಗಳ ಬಾಗಿಲೂ ಅದಕ್ಕೆ ತೆರೆಯಿತು. 2009ರಲ್ಲಿ ಯುನೆಸ್ಕೊ ಸಂಸ್ಥೆ ಟ್ಯಾಂಗೊವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆಯ ಹಿತ್ತಿಲಿನ ಗಿಡ ಮದ್ದಾಗಬೇಕಾದರೆ ಪರಊರಿನ ವೈದ್ಯ ಹೇಳಬೇಕಾಯಿತು.

ಈ ಎರಡು ಕುಣಿತಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ಕಾರಂತರ ಸಮಸ್ಯೆ ಏನೆಂಬುದು ನನಗೆ ಸ್ಪಷ್ಟವಾದದ್ದು. ಟ್ಯಾಂಗೊದ ಭಾವ ಇಬ್ಬರ ನಡುವಿನ ಗುಟ್ಟು. ಮೂರನೆಯವನಿಗೆ ಕಂಡರೂ ಸರಿ, ಕಾಣದಿದ್ದರೂ ಸರಿ. ನಮ್ಮ ಆಟದ ಭಾವವಾದರೋ ಗದ್ದೆಯ ಕಡೆಯ ಅಂಚಿನಲ್ಲಿ ಕುಳಿತವನಿಗೂ ಮುಟ್ಟಬೇಕು. ಆದ್ದರಿಂದಲೇ ಇಲ್ಲಿ ಎಲ್ಲವೂ ದೊಡ್ಡದು. ಭುಜಕೀರ್ತಿ ದೊಡ್ಡದು, ಮುಂಡಾಸು ದೊಡ್ಡದು, ಚಂಡೆ ದೊಡ್ಡದು. ಯುದ್ಧಕ್ಕೆ, ರೋಷಕ್ಕೆ, ಅಟ್ಟಹಾಸಕ್ಕೆ ಇದು ಹೇಳಿ ಮಾಡಿಸಿದಂತಿದೆ. ಆದರೆ ಕಾಡಿನಲ್ಲಿ ಮಲಗಿದ ದಮಯಂತಿಯನ್ನು ಬಿಟ್ಟು ಹೊರಡುವ ನಳನ ಕಾಲು ಮುಂದೆ ಹೋಗಲಾರದೆ, ಹಿಂದೆ ಬರಲಾರದೆ ತಡವರಿಸುವುದನ್ನು ಈ ದೊಡ್ಡ ವೇಷದೊಳಗಿನ ಮೈ ಹೇಗೆ ತೋರಿಸೀತು? ಸಾಂಪ್ರದಾಯಿಕ ಆಟದಲ್ಲಿ ಇದಕ್ಕೆ ಉತ್ತರ ಸುಲಭವಾಗಿತ್ತು: ಭಾಗವತರು ಪದ್ಯ ಹೇಳುವರು, ವೇಷಧಾರಿ ಅದಕ್ಕೆ ಕುಣಿದು, ಆಮೇಲೆ ಮಾತಿನಲ್ಲಿ ಅರ್ಥ ಹೇಳಿ ಅಳಿಸುವನು. ಭಾವದ ಹೊರೆಯನ್ನು ಹೊತ್ತದ್ದು ಬಾಯಿ. ಕಾರಂತರು ಅದನ್ನು ಕಾಲಿಗೆ ವಹಿಸಹೊರಟರು.

ಆದರೆ ಅವರು ನೇರವಾಗಿ ಇಲ್ಲಿಗೆ ಬಂದವರಲ್ಲ. ಗಾಂಧೀಜಿಯ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು 1922ರ ಸುಮಾರಿಗೆ ಕಾಲೇಜು ಬಿಟ್ಟರು. ಖಾದಿ ಪ್ರಚಾರ, ಸಮಾಜ ಸುಧಾರಣೆ, ‘ವಸಂತ’ ಎಂಬ ಮಾಸಪತ್ರಿಕೆ, ಒಂದೆರಡು ಕಾದಂಬರಿ, ನಾಟಕಗಳು ಹೀಗೆ ಹಲವು ಬಾಗಿಲುಗಳನ್ನು ತಟ್ಟಿದರು. ಆಗಿನ ಅವರ ನಾಟಕಗಳು ಜನರನ್ನು ತಿದ್ದುವ ನಾಟಕಗಳು. ಮುಂದೆ ಪುತ್ತೂರಿನಲ್ಲಿ ನೆಲೆಸಿದರು. ಮೊಳಹಳ್ಳಿ ಶಿವರಾಯರ ಆಸರೆಯಲ್ಲಿ ಅಲ್ಲಿ ದಸರಾ ನಾಡಹಬ್ಬ ನಡೆಸಿದರು. ಬಾಲವನವೆಂಬ ಮಕ್ಕಳ ಕೂಟ ಕಟ್ಟಿದರು. 1930ರ ಸುಮಾರಿಗೆ ಮೂಕಚಿತ್ರವನ್ನೂ ತೆಗೆದರು. ಹಣ ಹೋಯಿತೇ ಹೊರತು ಬರಲಿಲ್ಲ. ಆದರೂ ಮಾತಿಲ್ಲದೆ ಕತೆ ಹೇಳುವ ಹಟ ಅವರಲ್ಲಿ ಅಷ್ಟು ಹಿಂದೆಯೇ ಇತ್ತೆಂಬುದನ್ನು ಗಮನಿಸಬೇಕು.

ಆ ಕಾಲದಲ್ಲಿ ಅವರು ಬರೆದು ಆಡಿಸಿದ ‘ಕಿಸಾಗೋತಮಿ’ಯಂತಹ ಗೀತನಾಟಕಗಳು ಇದೇ ದಾರಿಯ ಮುಂದಿನ ಹೆಜ್ಜೆ. ಸತ್ತ ಮಗುವನ್ನು ಎತ್ತಿಕೊಂಡು ಸಾವಿಲ್ಲದ ಮನೆಯ ಸಾಸಿವೆಗಾಗಿ ಬಾಗಿಲಿಂದ ಬಾಗಿಲಿಗೆ ಅಲೆದ ತಾಯಿಯ ಕತೆಯನ್ನು ಹಾಡು ಮತ್ತು ನಡೆಯಲ್ಲಿ ಹೇಳುವ ಪ್ರಯತ್ನ ಅದು. ಕುಣಿತವನ್ನು ಅವರು ಬೇರೆಯವರಿಗೆ ಹೇಳಿಕೊಟ್ಟು ಸುಮ್ಮನಿರಲಿಲ್ಲ, ತಾವೇ ಕುಣಿದರು. ಕೋಟದ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಕಾಲೇಜಿನ ಮೆಟ್ಟಿಲು ಹತ್ತಿದವನೊಬ್ಬ ರಂಗದ ಮೇಲೆ ಮೈ ಬಳುಕಿಸಿ ಕುಣಿಯುವುದನ್ನು ಕಂಡು ನಕ್ಕವರೆಷ್ಟೋ ಮಂದಿ. ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟವರು ಅವರೇ ಆದುದರಿಂದ ಈ ನಗು ಅವರಿಗೆ ಹೊಸದಾಗಿರಲಾರದು.

ನಗು ನಿಂದೆಗೆ ತಿರುಗಿದ್ದು 1936ರಲ್ಲಿ. ಕಾರಂತರು ನೃತ್ಯ ಕಲಿಸಿ ನಾಟಕ ಆಡಿಸುತ್ತಿದ್ದ ಶಾಲೆಯಲ್ಲಿ ಲೀಲಾ ಆಳ್ವ ಎಂಬವರು ವಿದ್ಯಾರ್ಥಿನಿ. ಬಂಟ ಸಮಾಜದ ವ್ಯಾಪಾರಸ್ಥ ಕೆ. ಡಿ. ಆಳ್ವರ ಮಗಳು. ಆ ವರ್ಷದ ಮೇ 6ರಂದು ಇಬ್ಬರೂ ಮದುವೆಯಾದರು. ಜಾತಿ ಬೇರೆ, ಅದರ ಮೇಲೆ ಕುಣಿತದ ನಂಟು. ನಮ್ಮ ಜಿಲ್ಲೆಯಲ್ಲಿ ಆಡಿಕೊಳ್ಳುವವರಿಗೆ ಇನ್ನೇನು ಬೇಕು? ಲೀಲಾ ಕಾರಂತರು ಹಿಂಜರಿಯಲಿಲ್ಲ. ಗಂಡನೊಡನೆ ನೃತ್ಯನಾಟಕಗಳಲ್ಲಿ ರಂಗಕ್ಕೆ ಬಂದರು. ಅವರ ಬಾಲ್ಯದ ಓದು ಮರಾಠಿಯಲ್ಲಿ ನಡೆದಿತ್ತು. ಕನ್ನಡವನ್ನು ಹೊಸದಾಗಿ ಕಲಿತು, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯೊಂದನ್ನು ಕನ್ನಡಕ್ಕೆ ತಂದರು. ಕಾರಂತರ ಜೀವನವನ್ನು ಬರೆಯುವವರು ಲೀಲಾ ಅವರನ್ನು ಎರಡು ಸಾಲಿನಲ್ಲಿ ಮುಗಿಸುವುದು ರೂಢಿಯಾಗಿದೆ. ನನಗಾದರೋ, ಮಾನವಂತರ ಮನೆಯ ಹೆಣ್ಣು ಸಭೆಯೆದುರು ಕುಣಿಯಬಾರದೆಂಬ ಕಾಲದಲ್ಲಿ ಕುಣಿದ ಆಕೆಯ ಧೈರ್ಯ ಕಾರಂತರದಕ್ಕಿಂತ ಒಂದು ಹಿಡಿ ಹೆಚ್ಚೇ ಎನ್ನಿಸುತ್ತದೆ. ಗಂಡಸಿನ ಹುಚ್ಚನ್ನು ಊರು ಬೇಗ ಕ್ಷಮಿಸುತ್ತದೆ.

ಹೊಸ ನೃತ್ಯ, ಗೀತನಾಟಕ ಎಂದು ಸುತ್ತಿ ಬಂದ ಕಾರಂತರು ಬಾಲ್ಯದಲ್ಲಿ ಕಂಡ ಬಯಲಾಟವನ್ನು ಪುನಃ ಕೈಗೆತ್ತಿಕೊಂಡರು. ಈ ಬಾರಿ ವಿದ್ವಾಂಸನಾಗಿ. ಊರೂರು ತಿರುಗಿ ತಾಡವೋಲೆಯ ಪ್ರಸಂಗಗಳನ್ನು ಹುಡುಕಿದರು. ವಿಷ್ಣು ಎಂಬ ಕವಿಯ ‘ವಿರಾಟಪರ್ವ’ ಪ್ರಸಂಗದ 1564ರಷ್ಟು ಹಳೆಯ ಪ್ರತಿಯೊಂದು ಬೆಳಕಿಗೆ ಬಂದದ್ದು ಈ ಹುಡುಕಾಟದ ಫಲಗಳಲ್ಲಿ ಒಂದು. ಈ ವಿಷ್ಣು ಅಜಪುರದವನು. ಅಜಪುರವೆಂದರೆ ಬೇರಾವುದೂ ಅಲ್ಲ, ನಮ್ಮ ಬ್ರಹ್ಮಾವರ. ದಿನವೂ ಬಸ್ಸಿಗೆ ಕಾಯುವ ಊರಿನಲ್ಲಿ ನಾಲ್ಕೂವರೆ ಶತಮಾನಗಳ ಹಿಂದೆ ಒಬ್ಬ ಕವಿ ಕುಳಿತು ಆಟದ ಪದ್ಯ ಕಟ್ಟಿದನೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ವಿಜಯನಗರದ ಕಾಲದಲ್ಲೇ ಹಾಡು, ತಾಳ, ಮದ್ದಳೆಗಳ ಈ ಕಲೆ ಬೇರೂರಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಪ್ರಸಂಗಗಳ ಜೊತೆಗೆ ಹಾಡಿನ ಮಟ್ಟುಗಳನ್ನೂ ಪರೀಕ್ಷಿಸಿದರು. ಹಳೆಯ ಭಾಗವತರ ಬಾಯಲ್ಲಿ ಉಳಿದಿದ್ದ ಮಟ್ಟುಗಳನ್ನು ಕೇಳಿ, ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಕೇಳಿಬರದ ರಾಗಗಳು ಇಲ್ಲಿ ಬೇರೆಯದೇ ದಾರಿಯಲ್ಲಿ ಬದುಕಿವೆಯೆಂದು ತೋರಿಸಿದರು. ಝಂಪೆ, ಅಷ್ಟ, ತ್ರಿವುಡೆ, ತಿತ್ತಿತ್ತೈ ಮುಂತಾದ ತಾಳಗಳನ್ನೂ, ಹೆಜ್ಜೆಯ ಬಗೆಗಳನ್ನೂ, ವೇಷದ ಅಂಗಾಂಗಗಳನ್ನೂ ಬಿಡಿಸಿ ಬರೆದರು. ಅದರ ಫಲವಾಗಿ 1957ರಲ್ಲಿ ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥ ಹೊರಬಂತು. 1959ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಕಾರಂತರಿಗೆ ಬಂದದ್ದು ಅವರ ಯಾವ ಕಾದಂಬರಿಗೂ ಅಲ್ಲ, ಈ ಪುಸ್ತಕಕ್ಕೆ. ಹಳ್ಳಿಗರ ಗದ್ದಲವೆನಿಸಿಕೊಂಡಿದ್ದ ಆಟದ ಬಗೆಗಿನ ಪುಸ್ತಕವೊಂದು ದಿಲ್ಲಿಯಲ್ಲಿ ಮನ್ನಣೆ ಪಡೆಯಿತು. ಬಡ ವೇಷಧಾರಿಯ ಹೊಟ್ಟೆ ಇದರಿಂದ ತುಂಬಲಿಲ್ಲ, ನಿಜ. ಆದರೆ ಓದಿದವರು ಆಟದ ಕುರಿತು ಮಾತನಾಡುವ ಧಾಟಿ ಅಲ್ಲಿಂದ ಬದಲಾಯಿತು.

ಬಣ್ಣದ ವಿಷಯದಲ್ಲಿ ಅವರಿಗಿದ್ದ ಹಟವನ್ನು ಇಲ್ಲಿ ಹೇಳಲೇಬೇಕು. ಹಳೆಯ ಬಡಗುತಿಟ್ಟಿನ ವೇಷವೆಂದರೆ ಬಣ್ಣದ ಕಸೆ ಸೀರೆ; ಹಗುರವಾದ ಮರದಲ್ಲಿ ಕೊರೆದು ಬಣ್ಣದ ಕಾಗದ ಮೆತ್ತಿದ ಆಭರಣಗಳು. ದೀವಟಿಗೆಯ ಹೊಂಬೆಳಕಿಗೆ ಅವು ಹೊಂದುತ್ತಿದ್ದವು. ಟೆಂಟಿನ ಮೇಳಗಳು ಬಂದು, ಟಿಕೇಟಿನ ಆಟಗಳು ಹೆಚ್ಚಿ, ವಿದ್ಯುದ್ದೀಪ ಉರಿದ ಮೇಲೆ ಮಿನುಗುವ ಮಖಮಲ್ಲು, ಸಿನೆಮಾದ ಪೋಷಾಕು, ಸಿನೆಮಾದ ರಾಗ ಎಲ್ಲವೂ ಒಳಗೆ ಬಂದವು. ಕಾರಂತರಿಗೆ ಇದು ಕಣ್ಣಿಗೆ ಮರಳು ಹಾಕಿದಂತೆ. ಚಿತ್ರಕಲೆ ಮತ್ತು ಶಿಲ್ಪದ ಕುರಿತು ದೊಡ್ಡ ಗ್ರಂಥಗಳನ್ನು ಬರೆದವರ ಕಣ್ಣು ಅದು. ಮೇಳದ ಯಜಮಾನರನ್ನೂ ನೆನೆಯಬೇಕು. ಗೇಟಿನಲ್ಲಿ ಟಿಕೇಟು ಮಾರಿ ನಲವತ್ತು ಜನರಿಗೆ ಊಟ ಹಾಕಬೇಕಾದವನಿಗೆ ಹೊಳೆಯುವ ಬಟ್ಟೆಯೂ ಒಂದು ಬಂಡವಾಳವೇ. ಕಾರಂತರ ಬರವಣಿಗೆಯಲ್ಲಿ ಆ ಯಜಮಾನರ ಮೇಲೆ ಕರುಣೆ ಕಡಿಮೆ.

1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಪ್ರಿನ್ಸಿಪಾಲರಾಗಿದ್ದ ಪ್ರೊ. ಕು. ಶಿ. ಹರಿದಾಸ ಭಟ್ಟರು ಅದರ ಬೆನ್ನೆಲುಬು. ಕಾರಂತರು ಅದರ ಪ್ರೇರಣೆ. ಹಾರಾಡಿ, ಮಟಪಾಡಿ ಎಂದು ಬ್ರಹ್ಮಾವರದ ಸುತ್ತಿನ ಹಳ್ಳಿಗಳ ಹೆಸರಿನಲ್ಲೇ ಪ್ರಸಿದ್ಧವಾದ ಹೆಜ್ಜೆಯ ಪದ್ಧತಿಗಳು ಅಪ್ಪನಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಚೌಕಿಯಲ್ಲಷ್ಟೇ ಹರಿದು ಬಂದಿದ್ದವು. ಇನ್ನು ಅವುಗಳಿಗೆ ಒಂದು ಪಾಠಶಾಲೆಯಾಯಿತು. ಗುರು ವೀರಭದ್ರ ನಾಯಕರು, ನೀಲಾವರದ ರಾಮಕೃಷ್ಣಯ್ಯನವರು, ನೂರು ವರ್ಷ ಬಾಳಿ 2020ರಲ್ಲಿ ತೀರಿಕೊಂಡ ಮದ್ದಳೆಗಾರ ಹಿರಿಯಡಕ ಗೋಪಾಲರಾಯರು ಅಲ್ಲಿ ಕಲಿಸಿದವರು. ಗೋಪಾಲರಾಯರಿಂದ ಕಲಿತವರಲ್ಲಿ ಅಮೆರಿಕದ ಮಾರ್ತಾ ಆಶ್ಟನ್ ಒಬ್ಬರು. ಆಕೆ ಇಲ್ಲಿಯೇ ಇದ್ದು, ಗೆಜ್ಜೆ ಕಟ್ಟಿ ಕುಣಿದು, 1977ರಲ್ಲಿ ಬ್ರೂಸ್ ಕ್ರಿಸ್ಟಿಯವರೊಡನೆ ಯಕ್ಷಗಾನದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ನಮ್ಮ ಆಟಕ್ಕೂ ಒಂದು ಪ್ಯಾರಿಸ್ಸು ಸಿಕ್ಕಿತೆನ್ನಬಹುದು. ಒಂದು ವ್ಯತ್ಯಾಸವುಂಟು: ಇಲ್ಲಿ ಹೊರಗಿನವರು ಬರುವ ಮೊದಲೇ ಮನೆಯವನೊಬ್ಬ ಇದರ ಬೆಲೆಯನ್ನು ಬರೆದಿಟ್ಟಿದ್ದ.

ಕೇಂದ್ರವಾದಾಗ ಕಾರಂತರಿಗೆ ಎಪ್ಪತ್ತರ ಹೊಸ್ತಿಲು. ಬಹುಮಂದಿ ಕಾಲು ಚಾಚಿ ಕೂರುವ ಆ ವಯಸ್ಸಿನಲ್ಲಿ ಅವರು ತಮ್ಮ ಪ್ರಯೋಗವನ್ನು ಪೂರ್ಣಗೊಳಿಸಲು ಹೊರಟರು. ಯಕ್ಷರಂಗವೆಂಬ ತಂಡ ಕಟ್ಟಿ, ‘ಅಭಿಮನ್ಯು ವಧೆ’, ‘ನಳ ದಮಯಂತಿ’, ‘ಭೀಷ್ಮ ವಿಜಯ’, ‘ಪಂಚವಟಿ’ ಮುಂತಾದವನ್ನು ಯಕ್ಷಗಾನ ಬ್ಯಾಲೆಗಳಾಗಿ ರೂಪಿಸಿದರು. ಇಡೀ ರಾತ್ರಿಯ ಆಟ ಸುಮಾರು ಎರಡು ತಾಸಿಗೆ ಇಳಿಯಿತು. ವೇಷಧಾರಿಯ ಮಾತು ಪೂರ್ತಿ ನಿಂತಿತು. ಭಾಗವತರ ಪದ್ಯ, ಹಿಮ್ಮೇಳ, ಕುಣಿತ ಇಷ್ಟೇ ಉಳಿದದ್ದು. ಚಂಡೆ ವೀರ ರೌದ್ರಗಳಿಗೆ ಸರಿ. ಶೋಕಕ್ಕೂ ಶೃಂಗಾರಕ್ಕೂ ಎಳೆದ ಸ್ವರ ಬೇಕೆಂದು ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ಸೇರಿಸಿದರು. ಯಕ್ಷಗಾನಕ್ಕೆ ಸ್ಯಾಕ್ಸೊಫೋನ್! ಸಂಪ್ರದಾಯಸ್ಥರು ಸಿಡಿಮಿಡಿಗೊಂಡದ್ದರಲ್ಲಿ ಆಶ್ಚರ್ಯವೇನು? ಸಿನೆಮಾ ರಾಗವನ್ನು ಬೈಯುವ ಕಾರಂತರೇ ಬ್ಯಾಂಡಿನ ವಾದ್ಯ ತರಬಹುದೇ ಎಂದು ಕೇಳಿದವರಿದ್ದರು. ಈ ಕೇಳಿಕೆಯಲ್ಲಿ ನ್ಯಾಯವಿದೆ. ಆದರೆ ಟ್ಯಾಂಗೊದ ಇತಿಹಾಸ ಇಲ್ಲಿ ಕಾರಂತರ ಪರ ನಿಲ್ಲುತ್ತದೆ. ಇಂದು ಟ್ಯಾಂಗೊದ ಆತ್ಮವೆಂದು ಎಲ್ಲರೂ ಹೇಳುವ ವಾದ್ಯ ಬ್ಯಾಂಡೋನಿಯನ್. ಎರಡು ಕೈಗಳ ನಡುವೆ ತಿದಿಯನ್ನು ಎಳೆದು ಒತ್ತಿ ನುಡಿಸುವಂಥದು. ಅದು ಜರ್ಮನಿಯಲ್ಲಿ ಹುಟ್ಟಿ ಹಡಗಿನಲ್ಲಿ ಬಂದದ್ದು. ಅದು ಬರುವ ಮೊದಲು ಟ್ಯಾಂಗೊ ಇನ್ನೂ ಚುರುಕಾದ, ನಗೆಮೊಗದ ಕುಣಿತವಾಗಿತ್ತಂತೆ; ಆ ನಿಟ್ಟುಸಿರಿನಂಥ ಸ್ವರ ಸೇರಿದ ಮೇಲೆ ಹೆಜ್ಜೆ ನಿಧಾನವಾಗಿ ದುಃಖ ಆಳವಾಯಿತು. ವಾದ್ಯ ಎಲ್ಲಿಂದ ಬಂತೆಂಬುದಕ್ಕಿಂತ ಹೆಜ್ಜೆಗೆ ಏನು ಕೊಟ್ಟಿತೆಂಬುದನ್ನು ನೋಡುವುದು ನ್ಯಾಯ.

ಮಾತಿನ ವಿಷಯದಲ್ಲಿ ಮಾತ್ರ ನಾನು ಕಾರಂತರೊಡನೆ ಪೂರ್ತಿ ಹೋಗಲಾರೆ. ನಮ್ಮ ಮನೆಯಲ್ಲಿ ಪದವಿ ತರಗತಿಯವರೆಗೆ ಬಂದವನು ನಾನೇ ಮೊದಲಿಗ. ನನ್ನ ಅಮ್ಮಮ್ಮನಿಗೆ ಅಕ್ಷರ ಬಾರದು. ಆದರೆ ಕರ್ಣನಿಗೂ ಶಲ್ಯನಿಗೂ ಆದ ಜಗಳವೇನು, ಕೃಷ್ಣ ಸಂಧಾನದಲ್ಲಿ ಕೌರವನ ವಾದವೇನು, ಭೀಷ್ಮನಿಗೆ ಅಂಬೆ ಕೇಳಿದ ಪ್ರಶ್ನೆ ಯಾವುದು ಎಂಬುದೆಲ್ಲ ಆಕೆಗೆ ಬಾಯಿಪಾಠ. ಅದು ಬಂದದ್ದು ಪುಸ್ತಕದಿಂದಲ್ಲ, ಮಾರಣಕಟ್ಟೆ ಮೇಳದ, ಮಂದಾರ್ತಿ ಮೇಳದ ವೇಷಧಾರಿಗಳ ಬಾಯಿಂದ. ಇಬ್ಬರು ಒಳ್ಳೆಯ ಮಾತುಗಾರರು ನಿಂತರೆ ಧರ್ಮಾಧರ್ಮದ ಪ್ರಶ್ನೆ ಗದ್ದೆಯ ಬಯಲಿನಲ್ಲಿ ಒಂದು ತಾಸು ನಡೆಯುತ್ತದೆ. ಕೂಲಿ ಮಾಡುವವನೂ ಅದನ್ನು ಕೇಳಿ ತೂಗಿ ನೋಡುತ್ತಾನೆ. ಶಾಲೆಯ ಬಾಗಿಲು ಕಾಣದ ತಲೆಮಾರುಗಳಿಗೆ ಅದೇ ಕಾಲೇಜು. ಆ ಮಾತನ್ನು ತೆಗೆದರೆ ಕತೆ ಮೊದಲೇ ಗೊತ್ತಿರುವವರಿಗೆ ಮಾತ್ರ ಕುಣಿತ ರುಚಿಸುತ್ತದೆ. ಆ ಕತೆಯನ್ನು ಅವರಿಗೆ ತಿಳಿಸಿಕೊಟ್ಟದ್ದು ಯಾವುದು? ಅದೇ ಮಾತು. ಕಾರಂತರು ಪುಸ್ತಕಗಳ ನಡುವೆ ಬಾಳಿದವರು. ಮಾತಿಲ್ಲದೆಯೂ ಅವರಿಗೆ ನಡೆಯುತ್ತಿತ್ತು.

ಇಷ್ಟು ಹೇಳಿಯೂ, ಕುಣಿತವನ್ನು ಅವರು ನಂಬಿದ ಬಗೆ ನನಗೆ ದೊಡ್ಡದಾಗಿ ಕಾಣುತ್ತದೆ. ಚಕ್ರವ್ಯೂಹಕ್ಕೆ ಹೊರಟ ಅಭಿಮನ್ಯುವನ್ನೇ ತೆಗೆದುಕೊಳ್ಳೋಣ. ಬಯಲಾಟದಲ್ಲಿ ಸುಭದ್ರೆ ತಡೆಯುತ್ತಾಳೆ, ಮಗ ಸಮಾಧಾನ ಹೇಳುತ್ತಾನೆ, ಎರಡು ಕಡೆಯ ಮಾತಿಗೆ ಸಭೆ ಕಣ್ಣೊರೆಸಿಕೊಳ್ಳುತ್ತದೆ. ಮಾತು ತೆಗೆದ ಮೇಲೆ ಏನುಳಿಯಿತು? ಬಾಲಕನ ಹೆಜ್ಜೆಯಲ್ಲಿರುವ ಅವಸರ, ತಾಯಿಯ ಹೆಜ್ಜೆಯಲ್ಲಿರುವ ಭಾರ. ಒಂದೇ ತಾಳಕ್ಕೆ ಇಬ್ಬರೂ ಕುಣಿಯಬೇಕು. ಆದರೆ ಒಬ್ಬನ ಕಾಲು ನೆಲದಿಂದ ಏಳಲು ತವಕಿಸುತ್ತದೆ, ಇನ್ನೊಬ್ಬಳ ಕಾಲು ನೆಲಕ್ಕೇ ಅಂಟುತ್ತದೆ. ಇದನ್ನು ಬರಿಯ ಹೆಜ್ಜೆಯಿಂದ ತೋರಿಸಬೇಕಾದರೆ ವೇಷಧಾರಿ ಗಟ್ಟಿ ಕುಣಿತ ಬಲ್ಲವನಾದರೆ ಸಾಲದು, ಒಳಗೆ ದುಃಖಪಟ್ಟವನಾಗಿರಬೇಕು. ಮಂಡಿಯೂರಿ ಗಿರ್ರನೆ ಸುತ್ತುವುದಕ್ಕೆ ಚಪ್ಪಾಳೆ ಬೀಳುತ್ತಿದ್ದ ಕಾಲದಲ್ಲಿ, ಸುತ್ತುವ ಮಂಡಿಗಿಂತ ತಡವರಿಸುವ ಒಂದು ಹೆಜ್ಜೆ ಕಷ್ಟವೆಂದು ಕಲಾವಿದರಿಗೆ ತಿಳಿಸಿಕೊಟ್ಟವರು ಕಾರಂತರು. ಚೌಕಿಯಲ್ಲಿ ಹುಟ್ಟಿ ಬೆಳೆದ ಕಲಾವಿದರಿಗೆ ಹೊರಗಿನವನೊಬ್ಬ ಪಾಠ ಹೇಳುವುದು ಸುಲಭದ ಮಾತಲ್ಲ. ಅವರು ಹೇಳಿ ಕೂರದೆ ಎದ್ದು ಕುಣಿದು ತೋರಿಸುತ್ತಿದ್ದುದರಿಂದಲೇ ಅದು ನಡೆಯಿತೆಂದು ತೋರುತ್ತದೆ.

ತಂಡ ದೇಶದ ಅನೇಕ ನಗರಗಳಲ್ಲೂ ಹೊರದೇಶಗಳಲ್ಲೂ ಆಡಿ ಬಂತು. ಕನ್ನಡದ ಒಂದಕ್ಷರ ಅರಿಯದವರ ಮುಂದೆ ಮಾತಿಲ್ಲದ ಆಟವೇ ಉಪಯೋಗಕ್ಕೆ ಬಂತೆಂಬುದನ್ನು ನನ್ನಂಥ ಮಾತಿನ ಪಕ್ಷಪಾತಿಗಳೂ ಒಪ್ಪಬೇಕು.

ಅವರ ಕೊನೆಯ ಇಪ್ಪತ್ತೈದು ವರ್ಷಗಳ ಉಳಿದ ಸಂಗತಿಗಳು ಎಲ್ಲರಿಗೂ ತಿಳಿದವೇ. ಪುತ್ತೂರು ಬಿಟ್ಟು ಹುಟ್ಟೂರಿನ ಮಗ್ಗುಲ ಸಾಲಿಗ್ರಾಮಕ್ಕೆ ಬಂದು ನೆಲೆಸಿದರು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸ ಪದ್ಮಭೂಷಣವನ್ನು ಹಿಂದಿರುಗಿಸಿದರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಬಂತು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಲೋಕಸಭೆಗೆ ನಿಂತು ಸೋತರು. ಈ ಎಲ್ಲದರ ನಡುವೆ ಯಕ್ಷರಂಗದ ಅಭ್ಯಾಸ ನಡೆದೇ ಇತ್ತು. ಎಂಬತ್ತು ದಾಟಿದ ಮೇಲೂ ಪಂಚೆಯನ್ನು ಎತ್ತಿ ಕಟ್ಟಿ ಹುಡುಗರ ನಡುವೆ ನಿಂತು ಹೆಜ್ಜೆ ಹಾಕುತ್ತಿದ್ದರೆಂದು ಅವರನ್ನು ಕಂಡವರು ಹೇಳುತ್ತಾರೆ. ಮೈ ಬಾಗಿದ್ದರೂ ತಾಳ ತಪ್ಪುತ್ತಿರಲಿಲ್ಲವಂತೆ. ತೊಂಬತ್ತೈದರ ಹೊತ್ತಿಗೆ ಹಕ್ಕಿಗಳ ಮೇಲೆ ಒಂದು ಪುಸ್ತಕ ಬರೆಯಲು ಕುಳಿತರು. 1997ರ ದಶಂಬರ 9ರಂದು ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅವರು ಹೋದ ಮೇಲೆ ಆಟ ಅವರು ಬಯಸಿದ ದಾರಿಯಲ್ಲೇ ನಡೆಯಿತೆಂದು ಹೇಳುವಂತಿಲ್ಲ. ಮೇಳಗಳಲ್ಲಿ ಮಾತು ಉಳಿದಿದೆ. ಮಿನುಗುವ ಬಟ್ಟೆಯೂ ಉಳಿದಿದೆ. ಮಂದಾರ್ತಿಯ ಹರಕೆ ಆಟಕ್ಕೆ ಈಗ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಾರೆ. ಅತ್ತ ಉಡುಪಿಯ ಕೇಂದ್ರದಲ್ಲಿ ಪಾಠ ಆರಂಭವಾಗುವುದು ಹೆಜ್ಜೆಯಿಂದಲೇ. ಒಂದು ಕಾಲದಲ್ಲಿ ಗೌರವಸ್ಥರು ಮಗನಿಗೂ ಬೇಡವೆಂದ ಗೆಜ್ಜೆಯನ್ನು ಈಗ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹುಡುಗಿಯರೂ ಕಟ್ಟುತ್ತಾರೆ. ಕಳೆದ ಸಲ ಸುಧನ್ವನ ಪ್ರಸಂಗ ಆಡಿದಾಗ ಸುಧನ್ವ, ಅರ್ಜುನ ಇಬ್ಬರೂ ವಿದ್ಯಾರ್ಥಿನಿಯರೇ. ಮುಂದಿನ ಸಾಲಿನಲ್ಲಿ ಅವರ ತಾಯಂದಿರು ಕುಳಿತಿದ್ದರು.